ಭೀಮಾತೀರದ ಗೂಢವಾಣಿ

ಭೀಮಾನದಿಯ ಎರಡು ದಡಗಳಲ್ಲಿ ಎರಡು ಬಗೆಯ ಗೂಢಗಳಿವೆ. ಆಚೆ ದಡದ ಸನ್ನತಿಯಲ್ಲಿ, ಸಮಸ್ತ ಪ್ರಜೆಗಳಿಗೂ ತಿಳಿಯಲೆಂದು ಚಕ್ರವರ್ತಿಯೊಬ್ಬನು ಕಲ್ಲಿನಲ್ಲಿ ಕೊರೆಯಿಸಿದ ಮಾತು ಯಾರಿಗೂ ತಿಳಿಯದಂತಾಗಿ, ದೇವಿಯ ವಿಗ್ರಹಕ್ಕೆ ಪೀಠವಾಗಿ ಬಹುಕಾಲ ಬಿದ್ದುಕೊಂಡಿತ್ತು. ಈಚೆ ದಡದಲ್ಲಿ, ಜೇವರ್ಗಿಯಿಂದ ಬೇರ್ಪಟ್ಟು ಈಚೆಗಷ್ಟೆ ತಾನೇ ಒಂದು ತಾಲೂಕಾದ ಯಡ್ರಾಮಿಯ ಸೀಮೆಗೆ ಸೇರಿದ ಕಡಕೋಳದಲ್ಲಿ, ಬಲ್ಲ ಕೆಲವರಿಗೆ ಮಾತ್ರ ತಿಳಿದರೆ ಸಾಕೆಂಬಂತೆ ಸಾಧಕನೊಬ್ಬನು ಮರೆಮಾಡಿ ಹಾಡಿದ ಮಾತು, ಓದುಬರಹವನ್ನೇ ಅರಿಯದ ದನಗಾಹಿಯ ನಾಲಗೆಯ ಮೇಲೆಯೂ ನಲಿಯುತ್ತ, ಸುಮಾರು ಎರಡು ಶತಮಾನಗಳನ್ನು ದಾಟಿ ಬಂದಿದೆ. ಬಹಿರಂಗವಾಗಬೇಕಾದುದು ಮುಚ್ಚಿಹೋಗಿ, ಅಂತರಂಗದಲ್ಲಿರಬೇಕಾದುದು ಊರೂರಿನ ಭಜನೆಯಾದುದು ಹೇಗೆ? ಒಂದು ಬರಹವನ್ನು ದುರ್ಬೋಧವೆನ್ನುವಾಗ ಆ ದುರ್ಬೋಧತೆಯ ನೆಲೆ ಬರಹದಲ್ಲಿಯೇ ಇದೆಯೆ, ಅಥವಾ ಅದನ್ನು ಕೈಯಿಂದ ಕೈಗೆ ದಾಟಿಸಬೇಕಾದ ಜನರ ಸಾಲು ಎಲ್ಲಿಯೋ ಕಡಿದುಹೋದುದರಲ್ಲಿದೆಯೆ? ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ಈ ಸೀಮೆಗಿಂತ ತಕ್ಕ ಸ್ಥಳ ಕನ್ನಡ ನಾಡಿನಲ್ಲಿ ಮತ್ತೊಂದು ಇರಲಾರದು.

ಸನ್ನತಿಯ ಸಂಗತಿಯನ್ನು ಮೊದಲು ಹೇಳಿ ಮುಗಿಸುವುದು ಲೇಸು. ಚಿತ್ತಾಪುರ ತಾಲೂಕಿಗೆ ಸೇರಿದ ಈ ಗ್ರಾಮದಲ್ಲಿ ಚಂದ್ರಲಾಂಬಾ ದೇವಿಯ ಪ್ರಸಿದ್ಧ ಆಲಯವಿದೆ. ಆ ಆವರಣದ ಕಾಳಿಕಾ ಗುಡಿಯ ಛಾವಣಿಯು 1986ರಲ್ಲಿ ಕುಸಿದುಬಿದ್ದ ಮೇಲೆ, ವಿಗ್ರಹವನ್ನು ನಿಲ್ಲಿಸಿದ್ದ ಪೀಠದ ಹಾಸುಗಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಸಾಲುಗಳಿರುವುದು ಬೆಳಕಿಗೆ ಬಂದಿತು. ಅವು ಮೌರ್ಯ ಚಕ್ರವರ್ತಿ ಅಶೋಕನ ಪ್ರಾಕೃತ ಶಾಸನಗಳು: ಹದಿನಾಲ್ಕು ಶಿಲಾಶಾಸನಗಳ ಪೈಕಿ 12ನೆಯದರ ಮತ್ತು 14ನೆಯದರ ಪಾಠ, ಜೊತೆಗೆ ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ಪ್ರತ್ಯೇಕ ಶಾಸನಗಳ ಪಾಠ. ತನ್ನ ಮತವನ್ನು ಹೊಗಳಿಕೊಂಡು ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿಯನ್ನು ಮಾಡಿಕೊಳ್ಳುತ್ತಾನೆ ಎಂಬ ಉಪದೇಶ ಆ 12ನೆಯ ಶಾಸನದ ತಿರುಳು. ಇಂಥ ಮಾತನ್ನು ಅಧಿಕಾರಿಗಳ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕೆಂಬುದು ಅಶೋಕನ ಬಯಕೆಯಾಗಿರಲಿಲ್ಲವೆಂಬುದಕ್ಕೆ ಪ್ರತ್ಯೇಕ ಶಾಸನಗಳೇ ಸಾಕ್ಷಿ. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ಕಟ್ಟಪ್ಪಣೆ ಧೌಲಿಯ ಪ್ರತಿಯಲ್ಲಿದೆ. ಆದರೆ ಓದಿ ಕೇಳಿಸುವ ಪದ್ಧತಿ ನಿಂತುಹೋಯಿತು; ಲಿಪಿಯು ಕಾಲಕ್ರಮದಲ್ಲಿ ರೂಪಾಂತರ ಹೊಂದಿ ಕನ್ನಡವೇ ಮೊದಲಾದ ಹತ್ತಾರು ಲಿಪಿಗಳಾಗಿ ಕವಲೊಡೆಯಿತು; ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಅಶೋಕನ ಕಂಬಗಳನ್ನು ದೆಹಲಿಗೆ ಸಾಗಿಸಿ ಪಂಡಿತರನ್ನು ಕರೆಯಿಸಿದಾಗ ಅವುಗಳ ಮೇಲಿನ ಅಕ್ಷರಗಳನ್ನು ಓದಬಲ್ಲವರು ಒಬ್ಬರೂ ದೊರೆಯಲಿಲ್ಲ.

ಈ ಬೀಗವನ್ನು ತೆರೆದ ರೀತಿ ಮನೋಹರವಾದುದು. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷೆಯ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್, ಸಾಂಚಿಯ ಸ್ತೂಪದ ಕಲ್ಲುಗಳ ಮೇಲಿದ್ದ ಚಿಕ್ಕಚಿಕ್ಕ ಬರಹಗಳ ಪ್ರತಿಗಳನ್ನು ಮುಂದಿಟ್ಟುಕೊಂಡು ನೋಡುವಾಗ, ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಅಕ್ಷರಗಳಿಂದ ಮುಗಿಯುತ್ತಿದ್ದುದನ್ನು ಗುರುತಿಸಿ, ಇಷ್ಟು ಜನರು ಒಂದು ಪವಿತ್ರಸ್ಥಳದಲ್ಲಿ ತಮ್ಮ ಹೆಸರಿನೊಡನೆ ಬರೆಯಿಸಬಹುದಾದ ಕೊನೆಯ ಮಾತು ‘ದಾನಂ’ ಎಂಬುದಲ್ಲದೆ ಮತ್ತೇನಿದ್ದೀತು ಎಂದು ಊಹಿಸಿದನು. ಆ ಊಹೆಯಿಂದ ದಕಾರ ನಕಾರಗಳು ಕೈಗೆ ಸಿಕ್ಕಿ, 1837ರಲ್ಲಿ ಇಡೀ ವರ್ಣಮಾಲೆ ಬಿಡಿಸಿಕೊಂಡಿತು. ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ಹೊತ್ತ ಶಾಸನ ದೊರೆತುದು ಇನ್ನೂ ಬಹಳ ತಡವಾಗಿ, 1915ರಲ್ಲಿ, ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಚಿನ್ನದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ. ಸನ್ನತಿಗೆ ಹೊಂದಿಕೊಂಡಿರುವ ಕನಗನಹಳ್ಳಿಯ ಬೌದ್ಧಸ್ತೂಪದ ಉತ್ಖನನದಲ್ಲಿ ರಾಜನ ಶಿಲ್ಪವೊಂದು ‘ರಾಯೋ ಅಸೋಕೋ’ ಎಂಬ ಬರಹದೊಡನೆ ದೊರೆತುದನ್ನೂ ಇಲ್ಲಿ ನೆನೆಯಬಹುದು. ಇವೆಲ್ಲವುಗಳಿಂದ ಹೊರಡುವ ತಾತ್ಪರ್ಯ ಇಷ್ಟೆ: ಮರೆತ ಲಿಪಿಗೆ ಒಂದು ಕೀಲಿಕೈ ಉಂಟು, ಅದು ಒಮ್ಮೆ ಸಿಕ್ಕಿತೆಂದರೆ ಸಿಕ್ಕಿತು. ಇಂದು ಶಾಸನಶಾಸ್ತ್ರದ ವಿದ್ಯಾರ್ಥಿ ಯಾವನಾದರೂ ಸನ್ನತಿಯ ಕಲ್ಲಿನ ಮುಂದೆ ಕುಳಿತು ಅದನ್ನು ಓದಬಲ್ಲನು. ವಿಗ್ರಹವನ್ನು ಕೂರಿಸಲು ನಡುವೆ ಕೊರೆದುದರಿಂದ ಅಳಿದ ಅಕ್ಷರಗಳನ್ನು ಬಿಟ್ಟರೆ ಅಲ್ಲಿ ಗೂಢವೆಂಬುದು ಏನೂ ಉಳಿದಿಲ್ಲ.

ಮರೆತ ಲಿಪಿಯ ಹಾಗಲ್ಲದೆ, ಬೇಕೆಂದೇ ಮರೆಮಾಡಿದ ಲಿಪಿಯೂ ಈ ಸೀಮೆಯ ನೆರೆಯಲ್ಲಿಯೇ ಇದೆ. ಸುರಪುರದ ಕಡೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ತಮ್ಮ ಕಾಲಜ್ಞಾನದ ಗ್ರಂಥಗಳನ್ನು ಅಮರಗನ್ನಡವೆಂದು ಹೆಸರಾದ ಗುಪ್ತಲಿಪಿಯಲ್ಲಿ ಬರೆದಿಟ್ಟುಕೊಂಡರು; ಮುಂದೆ ಬರಲಿರುವ ಕಾಲದ ಕಥನವನ್ನು ಹೊತ್ತ ಗ್ರಂಥವು ಕಂಡವರ ಕೈಗೆಲ್ಲ ಸಿಕ್ಕಬಾರದೆಂಬ ಎಚ್ಚರ ಅದರ ಹಿಂದಿದ್ದಿರಬೇಕು. ಇದೂ ಅಕ್ಷರಗಳ ಪಟ್ಟಿಯೊಂದು ಸಿಕ್ಕಿದರೆ ತೆರೆಯುವ ಬಾಗಿಲೇ. ತೆರೆದ ಮೇಲೆ ಒಳಗಿನ ಕಾಲಜ್ಞಾನದ ಅರ್ಥವೇನೆಂಬುದು ಬೇರೆಯ ಮಾತು, ಅದಕ್ಕೆ ಬೇರೆಯ ಲೇಖನವೇ ಬೇಕು.

ಕಡಕೋಳದ ಗೂಢ ಇವೆರಡಕ್ಕೂ ಹೊರತಾದುದು. ಅಲ್ಲಿ ಲಿಪಿ ಕನ್ನಡ, ಮಾತು ಮನೆಯ ಮಾತು, ವಸ್ತು ಎತ್ತು ಬಾವಿ ಅತ್ತೆ ಸೊಸೆ. ಪ್ರತಿಯೊಂದು ಶಬ್ದವೂ ಬಲ್ಲದ್ದೇ, ಆದರೆ ಸಾಲು ಮುಗಿಯುವ ಹೊತ್ತಿಗೆ ಅರ್ಥ ಕೈತಪ್ಪಿರುತ್ತದೆ. ಈ ತತ್ವಪದಗಳ ಕರ್ತೃವಾದ ಕಡಕೋಳ ಮಡಿವಾಳಪ್ಪನವರು ಹದಿನೆಂಟನೆಯ ಶತಮಾನದ ಕೊನೆಯ ಭಾಗ ಮತ್ತು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಾಳಿದವರು. ಅಫಜಲಪುರ ಸೀಮೆಯ ಬಿದನೂರಿನಲ್ಲಿ, ಗಂಡನನ್ನು ಕಳೆದುಕೊಂಡಿದ್ದ ಗಂಗಮ್ಮನೆಂಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೆಂದೂ, ಆ ಕಾರಣಕ್ಕಾಗಿಯೇ ಮಠಮಾನ್ಯಗಳ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಗುರುವಾದ ಮಹಾಂತನ ಹೆಸರನ್ನೇ ತಮ್ಮ ಪದಗಳಿಗೆ ಅಂಕಿತವಾಗಿ ಇರಿಸಿಕೊಂಡು ಅವರು ನೆಲೆನಿಂತುದು ಕಡಕೋಳದಲ್ಲಿ. ಅವರ ಶಿಷ್ಯಮಂಡಲಿಯನ್ನು ನೋಡಿದರೆ ಸನ್ನತಿಯ 12ನೆಯ ಶಾಸನವನ್ನು ಯಾರೂ ಓದಲಾರದೆ ಇದ್ದ ಕಾಲದಲ್ಲಿಯೂ ಈ ದಡದವರು ಅದನ್ನು ನಡೆಸಿಕೊಂಡು ಬಂದಂತೆ ತೋರುತ್ತದೆ: ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ, ಕಡ್ಲೇವಾಡ ಸಿದ್ಧಪ್ಪ ಮೊದಲಾದವರು ಬೇರೆ ಬೇರೆ ಜಾತಿಮತಗಳಿಂದ ಬಂದು, ಒಬ್ಬೊಬ್ಬರೂ ಸ್ವತಂತ್ರವಾದ ಪದಕಾರರಾದರು. ನಿಜಾಮನ ಸಂಸ್ಥಾನದ ಈ ಮೂಲೆಯಲ್ಲಿ ದಖನಿ ಉರ್ದು, ಮರಾಠಿ, ತೆಲುಗುಗಳು ಕನ್ನಡದೊಡನೆ ಸಂತೆಯಲ್ಲಿ ಕಲೆತಂತೆ ಪದಗಳಲ್ಲಿಯೂ ಕಲೆತವು. ಆದುದರಿಂದ ಬೆಂಗಳೂರು ಮೈಸೂರುಗಳ ಓದುಗನಿಗೆ ಇಲ್ಲಿಯ ಪದದಲ್ಲಿ ಎರಡು ತಡೆಗಳುಂಟು, ಒಂದು ನುಡಿಯದು, ಮತ್ತೊಂದು ನುಡಿಯೊಳಗಿನ ಮರೆಯದು.

ಈ ಮರೆ ಹೇಗಿರುತ್ತದೆಂಬುದನ್ನು ಹತ್ತಿರದಿಂದ ನೋಡೋಣ. ಯಾವೊಂದು ಪದವನ್ನೂ ಉದ್ಧರಿಸದೆ, ಹಲವು ಪದಗಳು ನಡೆಯುವ ಜಾಡನ್ನು ಅನುಸರಿಸಿ ಒಂದು ಕಥೆಯನ್ನು ಕಟ್ಟಿಕೊಳ್ಳುವುದಾದರೆ ಅದು ಹೀಗಿರಬಹುದು: ಒಬ್ಬ ಒಕ್ಕಲಿಗನು ಮೂರು ತಾಳಿನ ಕೂರಿಗೆಗೆ ಐದು ಎತ್ತುಗಳನ್ನು ಹೂಡಿ, ಒಂಬತ್ತು ದಾರಿಗಳಿರುವ ಹೊಲಕ್ಕೆ ಹೊಡೆದನು, ಬೀಜವನ್ನು ಬಿಡುವ ಬಟ್ಟಲು ಬರಿದಾಗಿತ್ತು, ಆದರೂ ಬೆಳೆ ಬಂದಿತು, ಕಾವಲಿಗೆ ನಿಲ್ಲಿಸಿದ ಆರು ಆಳುಗಳೇ ತೆನೆಗಳನ್ನು ಮುರಿದುಕೊಂಡರು, ಕಣವಿಲ್ಲದೆ ರಾಶಿಯಾಯಿತು, ರಾಶಿಯನ್ನು ಅಳೆದವನಿಗೆ ಕೈಗಳಿರಲಿಲ್ಲ. ಪೇಟೆಯ ವಿದ್ವಾಂಸನು ಇದನ್ನು ಕೇಳಿದೊಡನೆ ಮೂರು, ಐದು, ಆರು, ಒಂಬತ್ತು ಎಂಬ ಸಂಖ್ಯೆಗಳನ್ನು ಹಿಡಿದು ಗುಣತ್ರಯ, ಪಂಚೇಂದ್ರಿಯ, ಅರಿಷಡ್ವರ್ಗ, ನವದ್ವಾರಗಳ ಕಡೆಗೆ ಹಾರುತ್ತಾನೆ. ಆದರೆ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿ ಬಲ್ಲ ರೈತನ ಕಿವಿಗೆ ಮೊದಲು ಬೀಳುವುದು ಬೇರೊಂದು: ಐದು ಎತ್ತುಗಳನ್ನು ಯಾರೂ ಹೂಡುವುದಿಲ್ಲ, ನೊಗಕ್ಕೆ ಬೇಕಾದುದು ಜೋಡಿ. ಹಾಡಿದವನೂ ರೈತರ ನಡುವೆಯೇ ಬಾಳಿದವನಾದುದರಿಂದ ಈ ತಪ್ಪು ಅವನ ಅರಿವಿಗೆ ಬಾರದ್ದಲ್ಲ, ಉದ್ದೇಶಪೂರ್ವಕವಾದುದು. ಹೊಲದ ವ್ಯವಹಾರವನ್ನು ಬಲ್ಲವನಿಗೆ ಅದೇ ಪ್ರವೇಶದ್ವಾರ. ದುಡಿಮೆಯನ್ನು ಅರಿಯದವನಿಗೆ ಆ ದ್ವಾರ ಕಾಣುವುದೇ ಇಲ್ಲವಾಗಿ, ಅವನು ಸಂಖ್ಯೆಗಳ ಕಿಟಕಿಯಿಂದ ನುಗ್ಗಬೇಕಾಗುತ್ತದೆ. ತತ್ವಪದಗಳು ಪಂಡಿತರಿಗಿಂತ ಪಾಮರರಿಗೆ ಹತ್ತಿರವೆಂಬ ಮಾತನ್ನು ನಾವು ಕೇವಲ ಭಾವುಕತೆಯಿಂದ ಆಡುತ್ತೇವೆ. ಅದಕ್ಕೆ ಇಷ್ಟು ಖಚಿತವಾದ ಕಾರಣವಿರುವುದನ್ನು ಗಮನಿಸುವವರು ವಿರಳ.

ಪದವು ಬಿಚ್ಚಿಕೊಳ್ಳುವುದು ಓದಿನಲ್ಲಿ ಅಲ್ಲ, ಭಜನೆಯಲ್ಲಿ. ಅಮಾವಾಸ್ಯೆಯ ರಾತ್ರಿಯೋ ಊರ ಜಾತ್ರೆಯ ರಾತ್ರಿಯೋ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳಗಳೊಡನೆ ಮೇಳ ಕೂಡುತ್ತದೆ. ಮುಂದಾಳು ಪಲ್ಲವಿಯನ್ನು ಎತ್ತುತ್ತಾನೆ, ಹಿಂದಿನವರು ಹಿಡಿಯುತ್ತಾರೆ, ಒಂದೊಂದು ಸಾಲೂ ಎರಡು ಮೂರು ಸಲ ಮರುಕಳಿಸುವುದರಿಂದ ಕೇಳುವವರಿಗೆ ಯೋಚಿಸಲು ಎಡೆ ದೊರೆಯುತ್ತದೆ. ಎಳೆಯ ಹಾಡುಗಾರನು ಸಾಲನ್ನು ಸಲೀಸಾಗಿ ದಾಟಿಹೋಗುತ್ತಿದ್ದಾನೆಂದು ಕಂಡರೆ ಮುದುಕರಲ್ಲಿ ಯಾರಾದರೊಬ್ಬರು ಕೈಯೆತ್ತಿ ತಡೆಯುತ್ತಾರೆ.

“ತಡೀ ತಮ್ಮಾ, ಐದು ಎತ್ತು ಹೂಡೂದು ಎಲ್ಲಿ ನೋಡಿದಿ?”

“ಎತ್ತಲ್ಲ ಮುತ್ಯಾ, ಇಂದ್ರಿಯ.”

“ಇಂದ್ರಿಯ ಅಂದ ಮ್ಯಾಲ ಹೊಡಿಯಾಂವ ಯಾರು?”

“ಮನಸ್ಸು.”

“ಆತು. ಬಟ್ಟಲದಾಗ ಬೀಜ ಇಲ್ಲಂತ ನೀನ ಹಾಡಿದಿ. ಬೆಳಿ ಹ್ಯಾಂಗ ಬಂತು?”

ಇಲ್ಲಿಯವರೆಗೆ ಪಟ್ಟಿಯನ್ನು ಉರುಹೊಡೆದು ಉತ್ತರಿಸುತ್ತಿದ್ದ ತರುಣನು ಇಲ್ಲಿ ನಿಲ್ಲುತ್ತಾನೆ. ಏಕೆಂದರೆ ಬರಿದಾದ ಬಟ್ಟಲಿಗೆ ಪಟ್ಟಿಯಲ್ಲಿ ಅರ್ಥವಿಲ್ಲ. ಹಿಂದಿನ ಜನ್ಮದ ಕರ್ಮವೇ ಬೀಜವಾಗಿ ಹೊಲದಲ್ಲಿ ಮೊದಲೇ ಬಿದ್ದಿತ್ತೆಂದು ಒಬ್ಬರು ಹೇಳಿದರೆ, ಅಲ್ಲ, ಗುರುವಿನ ಮಾತು ಬಿತ್ತಿದವನಿಗೂ ತಿಳಿಯದಂತೆ ಬೀಳುವ ಬೀಜವೆಂದು ಮತ್ತೊಬ್ಬರು ಹೇಳುತ್ತಾರೆ. ಬೆಳೆಯೆಂಬುದೇ ಭ್ರಾಂತಿ, ಬಿತ್ತದೆ ಬಂದದ್ದು ಬೆಳೆಯಲ್ಲ ಕಳೆ ಎಂದು ಮೂರನೆಯವರು ಎರಡನ್ನೂ ತಳ್ಳಿಹಾಕುತ್ತಾರೆ. ತೀರ್ಪನ್ನು ಕೊಡುವವರು ಯಾರೂ ಇಲ್ಲ. ವಾದ ಸಾಕೆನಿಸಿದಾಗ ದಮ್ಮಡಿ ಮತ್ತೆ ನುಡಿಯುತ್ತದೆ, ಬೇರೊಂದು ಪದ ಮೊದಲಾಗುತ್ತದೆ, ಬಗೆಹರಿಯದ ಪ್ರಶ್ನೆಯನ್ನು ಹೊತ್ತುಕೊಂಡು ಜನ ಬೆಳಗ್ಗೆ ಹೊಲಕ್ಕೆ ಹೋಗುತ್ತಾರೆ.

ಮರೆಮಾಡಿ ಹಾಡಿದುದೇಕೆ ಎಂಬುದಕ್ಕೆ ನಮ್ಮ ಕಾಲದ ವಿಮರ್ಶಕರಲ್ಲಿ ಹಲವರು ಕೊಡುವ ಉತ್ತರ ಭಯ. ಜಾತಿಯ ಬಿಗಿ, ಮಠಾಧಿಕಾರಿಗಳ ಕೋಪ, ಆಳುವವರ ಕಾಟ ಇವುಗಳ ನಡುವೆ ನೇರವಾಗಿ ಆಡಲಾರದ ಮಾತನ್ನು ಒಗಟಿನ ಮುಸುಕಿನಲ್ಲಿ ಆಡಿದರೆಂದು ಅವರು ವಾದಿಸುತ್ತಾರೆ. ಕೇಳುವುದಕ್ಕೆ ಸೊಗಸಾದ ವಾದ, ಕಾಲಧರ್ಮಕ್ಕೂ ಒಪ್ಪುವಂಥದು. ಆದರೆ ಪದಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದು ನಿಲ್ಲುವುದಿಲ್ಲ. ಮಡಿವಾಳಪ್ಪನವರು ಬಯ್ಯುವಾಗ ಎಳ್ಳಷ್ಟೂ ಮುಸುಕಿಲ್ಲ. ಡಂಭಾಚಾರದ ಸ್ವಾಮಿಗಳನ್ನು, ಕುಲದ ಹೆಮ್ಮೆಯನ್ನು, ಕಲ್ಲುಮಣ್ಣಿನ ದೇವರ ಹೆಸರಿನಲ್ಲಿ ನಡೆಯುವ ಸುಲಿಗೆಯನ್ನು ಅವರು ಹೆಸರಿಟ್ಟು, ಕೂಸಿಗೂ ತಿಳಿಯುವ ಮಾತಿನಲ್ಲಿ ಜರೆದಿದ್ದಾರೆ. ಮರೆ ಮೊದಲಾಗುವುದು ದೇಹ, ಉಸಿರು, ನಿದ್ರೆ, ಮರಣ, ಗುರುವು ಕಿವಿಯಲ್ಲಿ ಹೇಳಿದ ಮಾತು ಇವುಗಳ ಪ್ರಸ್ತಾಪ ಬಂದಲ್ಲಿ. ಭಯವೇ ಕಾರಣವಾಗಿದ್ದರೆ ಇದು ತಿರುಗುಮುರುಗಾಗಿರಬೇಕಿತ್ತು: ಸ್ವಾಮಿಗಳ ಮೇಲಿನ ಟೀಕೆ ಒಗಟಾಗಿ, ಯೋಗಾನುಭವ ಸ್ಪಷ್ಟವಾಗಿ ಇರುತ್ತಿತ್ತು. ಶತ್ರುವಿಗೆ ಸ್ಪಷ್ಟವಾಗಿ ಮಾತಾಡಿ, ಶಿಷ್ಯನಿಗೆ ಗೂಢವಾಗಿ ಮಾತಾಡಿದವರನ್ನು ಅಂಜುಬುರುಕರೆನ್ನುವುದು ಹೇಗೆ? ಶಿಷ್ಯನು ತಾನೇ ತಡಕಾಡಿ ಕಂಡುಕೊಳ್ಳದೆ ಹೋದರೆ ಆ ತಿಳಿವಳಿಕೆ ಅವನದಾಗುವುದಿಲ್ಲವೆಂಬ ಗುರುವಿನ ನಿಶ್ಚಯವೇ ಈ ಮರೆಯ ಹಿಂದಿನ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಅದರೊಡನೆ ಒಗಟೆಂದರೆ ನಮ್ಮ ಜನಕ್ಕಿರುವ ಸಹಜವಾದ ಲೋಲುಪತೆಯನ್ನೂ ಕೂಡಿಸಬೇಕು. ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ಬರಿದಾಗಿ ಉಚ್ಚರಿಸದೆ, ಪ್ರಾಸಬದ್ಧವಾದ ಒಡಪಿನ ನಡುವೆ ಅಡಗಿಸಿ ಹೇಳಿ, ಸುತ್ತಲಿನವರು ನಗುವಂತೆ ಮಾಡುವ ಹೆಣ್ಣುಮಕ್ಕಳ ನಾಡಿದು. ಹರದೇಶಿ ನಾಗೇಶಿ ಗೀಗೀ ಮೇಳಗಳವರು ರಾತ್ರಿಯಿಡೀ ಸವಾಲು ಜವಾಬುಗಳಲ್ಲಿ ಒಬ್ಬರನ್ನೊಬ್ಬರು ಸಿಕ್ಕಿಸಿಹಾಕುವ ನಾಡಿದು. ಇಂಥಲ್ಲಿ ನೇರವಾದ ಉಪದೇಶವನ್ನು ಯಾರು ಕೇಳಿಯಾರು?

ಈ ಮಾರ್ಗ ಕಡಕೋಳದಲ್ಲಿ ಹೊಸದಾಗಿ ಹುಟ್ಟಿದುದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭುವಿನ ಬೆಡಗಿನ ವಚನಗಳು ಇದೇ ಹಾದಿಯನ್ನು ಕಡಿದಾದ ಎತ್ತರಕ್ಕೆ ಒಯ್ದಿದ್ದುವು. ಹದಿನೇಳನೆಯ ಶತಮಾನದಲ್ಲಿ ಜೇವರ್ಗಿಯಲ್ಲಿಯೇ ಇದ್ದು ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕಿ ವಚನಗಳನ್ನು ರಚಿಸಿದ ಷಣ್ಮುಖಸ್ವಾಮಿಗಳು ಆ ವಚನಪರಂಪರೆಯನ್ನು ಈ ನೆಲಕ್ಕೆ ತಂದು ನೆಟ್ಟಿದ್ದರು. ದಾಸಸಾಹಿತ್ಯದಲ್ಲಿ ಕನಕದಾಸರ ಮುಂಡಿಗೆಗಳು ಪ್ರಖ್ಯಾತವಾದುವು. ಕನ್ನಡದ ಹೊರಗೆ ನೋಡಿದರೆ, ಹರಪ್ರಸಾದ ಶಾಸ್ತ್ರಿಗಳು 1907ರಲ್ಲಿ ನೇಪಾಳದಲ್ಲಿ ಕಂಡು 1916ರಲ್ಲಿ ಪ್ರಕಟಿಸಿದ ಬೌದ್ಧಸಿದ್ಧರ ಚರ್ಯಾಪದಗಳ ಸಂಧ್ಯಾಭಾಷೆಯಾಗಲಿ, ಲೋಕವ್ಯವಹಾರವನ್ನು ತಲೆಕೆಳಗು ಮಾಡಿ ಹಾಡುವ ಕಬೀರನ ಉಲಟಬಾಂಸಿಯಾಗಲಿ ಇದರ ಬಂಧುಗಳೇ ಸರಿ. ಶಿಶುನಾಳದ ಶರೀಫಸಾಹೇಬರು (1819–1889) ಮಡಿವಾಳಪ್ಪನವರ ತರುವಾಯದ ತಲೆಮಾರಿನವರು; ಇಂದು ನಾಡಿನ ಎಲ್ಲ ಕಡೆಗೂ ಶರೀಫರ ಹೆಸರು ಹಬ್ಬಿರುವಷ್ಟು ಕಡಕೋಳದವರ ಹೆಸರು ಹಬ್ಬದೆ ಇರುವುದಕ್ಕೆ ಪದಗಳ ಗುಣ ಕಾರಣವೆನ್ನಲಾಗದು; ರಂಗಭೂಮಿ, ಧ್ವನಿಸುರುಳಿ, ಸಿನಿಮಾಗಳು ಧಾರವಾಡದ ಕಡೆಗೆ ಬೇಗ ಬಂದು ಕಲಬುರ್ಗಿಯ ಕಡೆಗೆ ತಡವಾಗಿ ಬಂದುದೇ ಕಾರಣವೆಂದು ನನ್ನ ಎಣಿಕೆ.

ಅಲ್ಲಮನ ವಚನಗಳ ವಿಷಯದಲ್ಲಿ ಹದಿನೈದನೆಯ ಶತಮಾನದ ವಿದ್ವಾಂಸರು ಮಾಡಿದ ಎರಡು ಬೇರೆ ಬೇರೆ ಕೆಲಸಗಳನ್ನು ಇಲ್ಲಿ ಹೋಲಿಸಿ ನೋಡಬೇಕು. ವಿಜಯನಗರದ ಪ್ರೌಢದೇವರಾಯನ ಕಾಲದಿಂದೀಚೆಗೆ ಕೆಲವರು ಬೆಡಗಿನ ವಚನಗಳಿಗೆ ಟೀಕೆಗಳನ್ನು ಬರೆದರು: ಬೆಟ್ಟವೆಂದರೆ ಇದು, ಕೋತಿಯೆಂದರೆ ಮನಸ್ಸು, ಗಿಳಿಯೆಂದರೆ ಜೀವ ಎಂದು ಪ್ರತಿಪದಕ್ಕೂ ಶಾಸ್ತ್ರೀಯವಾದ ಅರ್ಥವನ್ನು ನಿಗದಿಮಾಡುತ್ತ ಹೋದರು. ಅವರ ಶ್ರಮವಿಲ್ಲದಿದ್ದರೆ ಎಷ್ಟೋ ವಚನಗಳ ಸುಳಿವೇ ನಮಗೆ ಹತ್ತುತ್ತಿರಲಿಲ್ಲ. ಕೃತಜ್ಞತೆಯಲ್ಲಿ ಲೋಪ ಬಾರದು. ಆದರೆ ಅದೇ ಕಾಲದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಸಂಕಲಿಸಿದಾಗ ಹಿಡಿದ ದಾರಿ ಇನ್ನೊಂದು. ಅವನು ವಚನಗಳನ್ನು ಒಂಟಿಯಾಗಿ ನಿಲ್ಲಿಸಿ ಅರ್ಥ ಹೇಳದೆ, ಅನುಭವಮಂಟಪದ ಸಂವಾದದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಉತ್ತರವಾಗಿ ಕೂರಿಸಿದನು. ಪ್ರಭುವಿನ ಗೂಢವಾದ ನುಡಿ ಮುಕ್ತಾಯಕ್ಕನ ಪ್ರಶ್ನೆಯ ಎದುರಿಗೆ, ಸಿದ್ಧರಾಮನ ಹಟದ ಎದುರಿಗೆ ಬಂದು ನಿಂತಾಗ, ಯಾರಿಗೆ ಯಾವಾಗ ಏಕೆ ಹೇಳಿದುದೆಂಬುದು ತಿಳಿದು, ಅರ್ಥ ತಾನಾಗಿ ಬೆಳಕಾಗತೊಡಗುತ್ತದೆ. ಮುಂದೆ ಇನ್ನೂ ಮೂವರು ಆ ಗ್ರಂಥವನ್ನು ತಮತಮಗೆ ತೋರಿದಂತೆ ಮರುಜೋಡಿಸಿದರು. ಕಡಕೋಳ ಸೀಮೆಯ ಭಜನೆಯ ಮುದುಕರು ಶೂನ್ಯಸಂಪಾದನೆಯ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೂ ಅವರು ನಡೆಸುವುದು ಮಹಾದೇವಯ್ಯನ ಪದ್ಧತಿಯನ್ನೇ.

ಪಟ್ಟಿಯ ಪದ್ಧತಿಯ ದೋಷ ಎಲ್ಲಿದೆಯೆಂದರೆ, ಒಂದೇ ವಸ್ತು ಒಂದೊಂದು ಪದದಲ್ಲಿ ಒಂದೊಂದಾಗಿ ತಿರುಗುತ್ತದೆಂಬುದನ್ನು ಅದು ಒಪ್ಪದು. ಒಂದು ಪದದಲ್ಲಿ ಮನೆ ದೇಹವಾದರೆ ಇನ್ನೊಂದರಲ್ಲಿ ಸಂಸಾರ, ಮತ್ತೊಂದರಲ್ಲಿ ಗುರುವಿನ ಪಾದ. ಅತ್ತೆಯು ಮಾಯೆಯಾಗಿ ಸೊಸೆಯನ್ನು ಕಾಡುವ ಪದವೂ ಉಂಟು, ಅತ್ತೆಯೇ ಶಕ್ತಿಯಾಗಿ ಸೊಸೆಯನ್ನು ಬಾಗಿಲಿನವರೆಗೆ ಕರೆತರುವ ಪದವೂ ಉಂಟು. ಬಾವಿಯಲ್ಲಿ ಬಿದ್ದವನಿಗಾಗಿ ಒಂದು ಕಡೆ ಅಳಬೇಕು, ಒಂದು ಕಡೆ ಅವನನ್ನು ಹಾಡಿ ಹೊಗಳಬೇಕು. ಯಾವುದು ಎಲ್ಲಿ ಎಂಬುದನ್ನು ನಿರ್ಧರಿಸುವುದು ಆ ಪದದ ಉಳಿದ ಸಾಲುಗಳು, ಅದಕ್ಕೆ ಮೊದಲು ಹಾಡಿದ ಪದ, ಮತ್ತು ಕೇಳುವವನ ವಯಸ್ಸು. ಹೀಗಿರುವಲ್ಲಿ, ಪರೀಕ್ಷೆಯ ಕೈಪಿಡಿಗಳು ಹಕ್ಕಿಯ ಮುಂದೆ ಜೀವವೆಂದೂ ಗೂಡಿನ ಮುಂದೆ ದೇಹವೆಂದೂ ಎರಡು ಕಂಬಗಳಲ್ಲಿ ಅಚ್ಚುಮಾಡಿ ವಿದ್ಯಾರ್ಥಿಯ ಕೈಯಲ್ಲಿಡುವುದು ಅನ್ಯಾಯ. ಪ್ರಿನ್ಸೆಪನ ಕೀಲಿಕೈ ಸಾಂಚಿಯಲ್ಲಿ ತೆರೆದಂತೆಯೇ ಸನ್ನತಿಯಲ್ಲಿಯೂ ತೆರೆಯಿತು, ಏಕೆಂದರೆ ದಕಾರ ಎಲ್ಲಿದ್ದರೂ ದಕಾರ. ಹಕ್ಕಿ ಎಲ್ಲಿದ್ದರೂ ಜೀವವಲ್ಲ. ಈ ವ್ಯತ್ಯಾಸವನ್ನು ಅರಿಯದವರು ತತ್ವಪದಕ್ಕೆ ಅರ್ಥ ಹೇಳಿ ಮುಗಿಸಿದೆವೆಂದು ತಿಳಿದು, ಮುಂದೆ ಅದನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾರೆ.

ಪದಗಳ ಸಂಗ್ರಹದ ಕಾರ್ಯ ಈಗ ಸಮಾಧಾನಕರವಾಗಿ ನಡೆದಿದೆಯೆನ್ನಬೇಕು. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರವು ಕನ್ನಡದ ತತ್ವಪದಗಳನ್ನು ಸಂಪುಟ ಸಂಪುಟಗಳಾಗಿ ಹೊರತಂದಿದೆ. ಮೀನಾಕ್ಷಿ ಬಾಳಿಯವರಂಥ ಕಲಬುರ್ಗಿಯ ವಿದ್ವಾಂಸರು ಮಡಿವಾಳಪ್ಪನವರನ್ನೂ ಅವರ ಶಿಷ್ಯವರ್ಗವನ್ನೂ ಕುರಿತು ನಿಷ್ಠೆಯಿಂದ ದುಡಿದಿದ್ದಾರೆ. ಸಂಗ್ರಹವಾಗದೆ ಉಳಿದಿರುವುದು ಮಾತ್ರ ಅರ್ಥದ ವ್ಯವಹಾರ: ಕಟ್ಟೆಯ ಮೇಲೆ ನಡೆಯುವ ತಡೆ, ಪ್ರಶ್ನೆ, ಮರುಪ್ರಶ್ನೆ, ಜಗಳ. ಪುಸ್ತಕದಲ್ಲಿ ಪದ ಅಚ್ಚಾದಾಗ ಇವೆಲ್ಲ ಹೊರಗೇ ನಿಲ್ಲುತ್ತವೆ. ಇತ್ತ ಭಜನೆಯ ರೀತಿಯೂ ಬದಲಾಗುತ್ತಿದೆ. ಧ್ವನಿವರ್ಧಕ ಬಂದ ಮೇಲೆ ಹಾ‍ರ್ಮೋನಿಯಂ ತಬಲಾಗಳ ಲಯ ಚುರುಕಾಗಿ, ಸಾಲಿನ ನಡುವೆ ಕೈಯೆತ್ತಿ ತಡೆಯುವ ಮುದುಕನ ದನಿ ಕೇಳದಂತಾಗಿದೆ. ಮೊಬೈಲಿಗಾಗಿ ಚಿತ್ರಿಸಿಕೊಳ್ಳುವವರಿಗೆ ಐದು ನಿಮಿಷಗಳೊಳಗೆ ಮುಗಿಯುವ ಹಾಡು ಬೇಕು, ಅದರೊಳಗಿನ ವಾದ ಬೇಡ. ಹೀಗೆ ಮುಂದುವರಿದರೆ ಪದಗಳು ನಷ್ಟವಾಗುವುದಿಲ್ಲ, ಅಚ್ಚುಕಟ್ಟಾಗಿ ಉಳಿಯುತ್ತವೆ. ಆದರೆ ಅಶೋಕನ ಶಾಸನವೂ ನಷ್ಟವಾಗಿರಲಿಲ್ಲ, ಅಕ್ಷರಗಳು ಕಲ್ಲಿನ ಮೇಲೆಯೇ ಇದ್ದುವು ಎಂಬುದನ್ನು ಮರೆಯುವಂತಿಲ್ಲ. ಓದಿ ಕೇಳಿಸುವವರ ಸಾಲು ಕಡಿದಿತ್ತು, ಅಷ್ಟೆ. ಅಲ್ಲಿಯಾದರೋ ಮತ್ತೆ ತೆರೆಯುವುದಕ್ಕೆ ಒಂದು ‘ದಾನಂ’ ಸಿಕ್ಕಿತು. ಇಲ್ಲಿ ಕಡಿದರೆ ಯಾವ ಪ್ರಿನ್ಸೆಪನೂ ಬಂದು ಬಿಡಿಸಲಾರನು, ಏಕೆಂದರೆ ಬರಿದಾದ ಬಟ್ಟಲಿನಿಂದ ಬೆಳೆ ಬಂದುದರ ಬಗೆಯನ್ನು ಯಾವ ಕಲ್ಲಿನ ಮೇಲೆಯೂ ಬರೆದಿಟ್ಟಿಲ್ಲ.

ಆದಕಾರಣ ಕಲಬುರ್ಗಿಯ ವಿಶ್ವವಿದ್ಯಾಲಯದವರಲ್ಲಿಯೂ, 2009ರಲ್ಲಿ ಸ್ಥಾಪನೆಯಾಗಿ ಈಗ ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದವರಲ್ಲಿಯೂ ಕೇಳಿಕೊಳ್ಳಬೇಕಾದುದು ಒಂದುಂಟು. ಸಂಶೋಧಕರನ್ನು ಪದ ಬರೆದುಕೊಂಡು ಬರಲು ಕಳುಹಿಸುವ ಬದಲು ಇಡೀ ರಾತ್ರಿಯ ಭಜನೆಯನ್ನು ಅದರ ಜಗಳಸಮೇತ ಧ್ವನಿಮುದ್ರಿಸಿಕೊಂಡು ಬರಲು ಕಳುಹಿಸಲಿ. ಒಂದು ಪದಕ್ಕೆ ಯಡ್ರಾಮಿಯ ಮುತ್ಯಾ ಹೇಳಿದ ಅರ್ಥವನ್ನೂ ಅಫಜಲಪುರದ ಮುತ್ಯಾ ಹೇಳಿದ ಅರ್ಥವನ್ನೂ, ಒಂದನ್ನು ತಪ್ಪೆಂದು ಹೊಡೆದುಹಾಕದೆ, ಅವರವರ ಆಡುಮಾತಿನಲ್ಲಿಯೇ ಪದದ ಕೆಳಗೆ ಅಚ್ಚುಮಾಡಲಿ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ನಿದ್ದೆಗೆಡಬಲ್ಲ ವಿದ್ಯಾರ್ಥಿಗಳು ಬೇಕು.

ಈ ಸೀಮೆಯ ಓದುಗರಲ್ಲಿ ಇನ್ನೊಂದು ಮಾತು. ನಿಮ್ಮ ಮನೆಯ ಜಗಲಿಯ ಮೇಲೆ ಪೂಜೆಗೆಂದು ಬಟ್ಟೆಯಲ್ಲಿ ಸುತ್ತಿಟ್ಟ ಪದದ ಹೊತ್ತಿಗೆ ಇರಬಹುದು. ಹಾಡುತ್ತಿದ್ದ ಅಜ್ಜ ತೀರಿಕೊಂಡ ಮೇಲೆ ಅದನ್ನು ಬಿಚ್ಚಿ ನೋಡಿದವರೂ ಇರಲಿಕ್ಕಿಲ್ಲ. ಜೀರ್ಣವಾಯಿತೆಂದು ಅದನ್ನು ಭೀಮೆಗೆ ಬಿಡಬೇಡಿರಿ. ಪುಟಪುಟದ ಚಿತ್ರ ತೆಗೆಸಿ ಬಲ್ಲವರ ಕೈಗೆ ಕೊಡಿರಿ, ಮತ್ತು ಅಂಚಿನಲ್ಲಿ ಅಜ್ಜ ಸಣ್ಣ ಅಕ್ಷರಗಳಲ್ಲಿ ಏನಾದರೂ ಗುರುತು ಹಾಕಿದ್ದರೆ ಅದನ್ನೂ ಬಿಡದೆ ತೋರಿಸಿರಿ.